ಹಿಮ್ಮಡಿಯ ಗುರುತು

ನಮ್ಮ ಊರಿಗೆ ಬಂದವರು ಬೇಗ ಹೋಗುವುದಿಲ್ಲ. ಊರು ಅಷ್ಟು ಚೆನ್ನಾಗಿದೆ ಎಂದಲ್ಲ, ಕಾಲು ಬರುವುದಿಲ್ಲ. ಅಗಸೆಬಾಗಿಲು ದಾಟಿ ಮೂರನೆಯ ಚಪ್ಪಡಿಯ ಮೇಲೆ ಹೆಜ್ಜೆ ಇಟ್ಟರೆ ಮುಗಿಯಿತು, ಕಲ್ಲಿನ ಮೇಲಿನ ಲೋಳೆ ಹಿಮ್ಮಡಿ ಹಿಡಿದುಕೊಳ್ಳುತ್ತದೆ. ನೋವಿಲ್ಲ, ಗಾಯವಿಲ್ಲ. ಹಸುಗೂಸು ನಮ್ಮ ಬೆರಳು ಹಿಡಿದುಕೊಂಡ ಹಾಗೆ ಹಿಡಿದುಕೊಳ್ಳುತ್ತದೆ, ಆದರೆ ಕೂಸಿನ ಹಾಗೆ ನಿದ್ದೆ ಬಂದಾಗ ಬಿಡುವುದಿಲ್ಲ. ಚಪ್ಪಲಿ ಹಾಕಿಕೊಂಡು ಬಂದ ಜಾಣರ ಚಪ್ಪಲಿ ಹತ್ತಿ ಹಿಮ್ಮಡಿ ಹುಡುಕುತ್ತದೆ. ಗಾಡಿಯ ಚಕ್ರ, ದನದ ಗೊರಸು, ನಾಯಿಯ ಪಾದ ಇವುಗಳ ಗೊಡವೆ ಅದಕ್ಕಿಲ್ಲ. ಊರಿನವರಾದ ನಾವು ಅದೇ ಕಲ್ಲಿನ ಮೇಲೆ ದಿನಕ್ಕೆ ಹತ್ತು ಸಲ ಓಡಾಡುತ್ತೇವೆ. ನಮ್ಮ ಹಿಮ್ಮಡಿಯನ್ನು ಒಮ್ಮೆ ರುಚಿ ನೋಡಿ, ಇವರು ನಮ್ಮವರೇ ಅಂದುಕೊಂಡು ದಾರಿ ಬಿಡುತ್ತದೆ.

ಊರಲ್ಲಿ ಇರುವುದು ನಲವತ್ತು ಒಲೆ. ಕಾಲು ಹಿಡಿಸಿಕೊಂಡವರಿಗೆ ದಿನಕ್ಕೊಂದು ಮನೆಯ ಊಟ, ಕುಡಿಯಲು ಊರ ಕಾಲುವೆಯ ನೀರು, ಸ್ನಾನಕ್ಕೂ ಅದೇ ನೀರು. ನಲವತ್ತನೆಯ ಮನೆಯ ಊಟ ಕರಗಿದ ಮೇಲೆ ಲೋಳೆ ತಾನಾಗಿ ಬಿಡುತ್ತದೆ. ಒಂದು ಮನೆ ತಪ್ಪಿದರೂ ಬಿಡುವುದಿಲ್ಲ. ಅದಕ್ಕೆ ಎಣಿಕೆ ಯಾರು ಕಲಿಸಿದರೋ ಗೊತ್ತಿಲ್ಲ. ಅಗಸೆಯ ಸುತ್ತಿನ ಚಪ್ಪಡಿಗಳನ್ನು ನಮ್ಮ ಹಿರಿಯರು ಗಾರೆ ಹಾಕದೆ ಬಿಡಿಯಾಗಿ ಕೂರಿಸಿ, ನಾಲ್ಕು ಮೂಲೆಗೂ ಕಬ್ಬಿಣದ ಬಳೆ ಬಡಿದಿದ್ದಾರೆ. ಯಾರಾದರೂ ಸಿಕ್ಕಿಕೊಂಡರೆ ನಾಲ್ಕು ಜನ ಬಂದು ಆಸಾಮಿಯನ್ನು ಚಪ್ಪಡಿ ಸಮೇತ ಎತ್ತಿ, ಪಕ್ಕದಲ್ಲಿ ಮಾಡು ಇರುವ ಅಗಸೆಕಟ್ಟೆಯ ಮೇಲೆ ಇಡುತ್ತಾರೆ. ಅಲ್ಲಿಂದ ಮುಂದಿನ ಕೆಲಸ ನನ್ನದು.

ನನ್ನ ಹೆಸರು ಹಾಲವ್ವ. ಪಾಳಿಯ ಮನೆಯಿಂದ ಊಟ ತಂದು ಸಿಕ್ಕಿಕೊಂಡವರಿಗೆ ಬಡಿಸುವುದು ನನ್ನ ಅತ್ತೆಯಿಂದ ನನಗೆ ಬಂದ ಕಸುಬು. ಮೂವತ್ತೆರಡು ವರ್ಷದಲ್ಲಿ ಎಂತೆಂಥವರಿಗೆ ಬಡಿಸಿದ್ದೇನೆ. ಜನಗಣತಿಗೆ ಬಂದವನೊಬ್ಬ ಕೂತಲ್ಲೇ ನಮ್ಮನ್ನು ಮೂರು ಸಲ ಎಣಿಸಿ ಮೂರು ಸಂಖ್ಯೆ ಪಡೆದು, ತಪ್ಪು ನಮ್ಮದೇ ಎಂದು ಬರೆದುಕೊಂಡು ಹೋದ. ಹೊರಗಿನ ಊರಿಂದ ತಂದ ಸೊಸೆಯರು ನಲವತ್ತು ದಿನ ಇಲ್ಲಿ ಕೂತು, ಇಡೀ ಊರಿನ ಅಡುಗೆಯ ಗುಟ್ಟು ತಿಳಿದುಕೊಂಡೇ ಗಂಡನ ಮನೆಗೆ ಕಾಲಿಡುತ್ತಾರೆ. ಅತ್ತೆಯಂದಿರಿಗೆ ಇದು ಅಷ್ಟಾಗಿ ಹಿಡಿಸುವುದಿಲ್ಲ. ಪುಸ್ತಕ ಮಾರುವವನೊಬ್ಬ ಹೊರಡುವಾಗ ಹೊರಲಾರದೆ ಎರಡು ಗೋಣಿಚೀಲ ಬಿಟ್ಟುಹೋದ. ಅದರಲ್ಲೊಂದು ವಿಶ್ವಕೋಶವಿದೆ, ನಾಲ್ಕನೆಯ ಸಂಪುಟ ಮಾತ್ರ ಇಲ್ಲ. ಉಳಿದದ್ದನ್ನೆಲ್ಲ ಓದಿದ್ದೇನೆ. ನನಗೆ ಗೊತ್ತಿಲ್ಲದ್ದನ್ನು ಯಾರಾದರೂ ಕೇಳಿದರೆ ಅದು ನಾಲ್ಕನೆಯ ಸಂಪುಟದಲ್ಲಿದೆ ಎಂದುಬಿಡುತ್ತೇನೆ. ಊರಲ್ಲಿ ನನಗೆ ಓದಿದವಳು ಎಂಬ ಹೆಸರಿದೆ.

ಅಗಸೆಕಟ್ಟೆಯ ಎದುರಿಗೇ ಅಡಿವೆಪ್ಪನ ಮಿಠಾಯಿ ಅಂಗಡಿ. ಮೂರು ತಲೆಮಾರಿನಿಂದ ಬೂದುಗುಂಬಳದ ಮಿಠಾಯಿಗೆ ಹೆಸರಾದ ಅಂಗಡಿ. ಹೊರಗೆ ಗಾಜಿನ ಹಾಗೆ ಗಟ್ಟಿ, ಒಳಗೆ ರಸ. ಅಡಿವೆಪ್ಪನ ಹೆಂಡತಿ ತೀರಿಕೊಂಡು ಬಹಳ ವರ್ಷವಾಯಿತು. ಇದ್ದವಳು ಒಬ್ಬಳೇ ಮಗಳು, ಶಿವಗಂಗೆ. ಅವಳು ಹೋದ ವರ್ಷ ಮೇಲಿನ ಬೀದಿಯ ಸುಣ್ಣದ ಭಟ್ಟಿಯ ದುರುಗವ್ವನ ಮಗ ಈರಬದ್ರನನ್ನು ಮದುವೆಯಾದಳು. ಕೇಳಿ ಆಗಲಿಲ್ಲ, ಹೇಳಿ ಆದಳು. ಮಿಠಾಯಿಯವರು ಸುಣ್ಣದವರ ಮನೆಯಲ್ಲಿ ನೀರು ಕೂಡ ಮುಟ್ಟುವುದಿಲ್ಲ ಎಂಬುದು ಅಡಿವೆಪ್ಪನ ಅಪ್ಪನ ಕಾಲದ ಮಾತು. ಉಳಿದ ಬೀದಿಗಳು ಮರೆತಿದ್ದ ಆ ಮಾತನ್ನು ಅಡಿವೆಪ್ಪ ನೆನಪಿಟ್ಟುಕೊಂಡಿದ್ದ. ಮದುವೆಗೆ ಹೋಗಲಿಲ್ಲ. ಮಗಳ ಹೆಸರು ಎತ್ತಿದರೆ ಸಕ್ಕರೆ ತೂಗುವುದರಲ್ಲಿ ಮಗ್ನನಾಗುತ್ತಿದ್ದ.

ಅಷ್ಟಕ್ಕೇ ನಿಂತಿದ್ದರೆ ಈ ಕತೆ ಇರುತ್ತಿರಲಿಲ್ಲ. ಶಿವಗಂಗೆಗೆ ಏಳು ತಿಂಗಳು ತುಂಬಿದಾಗ ದುರುಗವ್ವ ಮನೆಗೆಲ್ಲ ಸುಣ್ಣ ಬಳಿಸಿ ಸೀಮಂತ ಮಾಡಿದಳು. ಆ ದಿನ ಮೇಲಿನ ಬೀದಿಯ ತೊಳೆದ ನೀರು ಹಾಲಿನ ಹಾಗೆ ಬೆಳ್ಳಗೆ ಕಾಲುವೆಗಿಳಿದು ಅಡಿವೆಪ್ಪನ ಅಂಗಡಿಯ ಮುಂದೆ ಹರಿಯಿತು. ಅವನು ಗಲ್ಲದ ಮೇಲೆ ಕೈಯಿಟ್ಟು ನೋಡಿದ. ಮಾರನೆಯ ದಿನ ತನ್ನ ಮನೆಯ ಮೋರಿ ಕಾಲುವೆ ಸೇರುವ ಕಡೆ ಕಲ್ಲು ಮಣ್ಣು ಹಾಕಿ ಮುಚ್ಚಿದ, ಹಿತ್ತಿಲಲ್ಲಿ ಸ್ವಂತ ಗುಂಡಿ ತೋಡಿಸಿದ, ಕುಡಿಯಲು ಸ್ನಾನಕ್ಕೆ ಹೊರಗಿನಿಂದ ಪೀಪಾಯಿಗಳಲ್ಲಿ ನೀರು ತರಿಸತೊಡಗಿದ.

"ಏನಪ್ಪಾ ಇದು ಅಡಿವೆಪ್ಪ?" ಎಂದು ಕೇಳಿದೆ.

"ಹಾಲಕ್ಕ, ನನ್ನ ಮನೆ ನೀರು ನನಗೆ, ಅವ್ರ ಮನೆ ನೀರು ಅವ್ರಿಗೆ. ಇದರಾಗೆ ಯಾರಿಗೇನು ತೊಂದ್ರೆ?"

ನಾನು ಯೋಚಿಸಿದೆ, ತೊಂದರೆ ಏನೂ ಕಾಣಲಿಲ್ಲ. ಊರಲ್ಲಿ ಯಾರಿಗೂ ಕಾಣಲಿಲ್ಲ. ಹುಟ್ಟಿದಾಗಿನಿಂದ ಇಲ್ಲೇ ಇದ್ದವನು ಎಂದು ಎಲ್ಲರಿಗೂ ಧೈರ್ಯ.

ಅವನು ಕಾಲುವೆಯ ನೀರು ಬಿಟ್ಟು ಸುಮಾರು ಆರು ವಾರ ಕಳೆದಿರಬೇಕು. ಒಂದು ಬೆಳಿಗ್ಗೆ ಅಡಿವೆಪ್ಪ ಅಂಗಡಿಯ ಮೆಟ್ಟಿಲಿಳಿದು, ಬಾಗಿಲ ಮುಂದಿನ ಚಪ್ಪಡಿಯ ಮೇಲೆ ಎರಡೂ ಕಾಲಿಟ್ಟು, ಆಕಳಿಸಿ, ಮೈ ಮುರಿದು, ಹಾಗೇ ನಿಂತ. ನಾನು ಎದುರು ಕಟ್ಟೆ ಗುಡಿಸುತ್ತಿದ್ದೆ. ಮನುಷ್ಯ ತುಸು ಹೊತ್ತು ಅಲುಗಾಡದೆ ನಿಂತರೆ ಏನೋ ನೆನಪು ಮಾಡಿಕೊಳ್ಳುತ್ತಿದ್ದಾನೆ ಅಂದುಕೊಳ್ಳುತ್ತೇವೆ. ಅವನು ಬಹಳ ಹೊತ್ತು ನೆನಪು ಮಾಡಿಕೊಂಡ.

"ಹಾಲಕ್ಕ," ಅಂದ ಕೊನೆಗೆ, ಸಣ್ಣ ದನಿಯಲ್ಲಿ. "ಸ್ವಲ್ಪ ಇಲ್ಲಿ ಬಾ. ಕೂಗಬ್ಯಾಡ."

ನಾನು ಕೂಗಲಿಲ್ಲ. ಆದರೆ ಮಧ್ಯಾಹ್ನದೊಳಗೆ ನಲವತ್ತೂ ಮನೆಯವರು ಬಂದು ನೋಡಿಹೋದರು. ಸ್ವಂತ ಊರಲ್ಲಿ, ಸ್ವಂತ ಅಂಗಡಿಯ ಮುಂದೆ ಕಾಲು ಹಿಡಿಸಿಕೊಂಡವನು ಇವನೇ ಮೊದಲು. ಚಪ್ಪಡಿ ಎತ್ತಿ ಕಟ್ಟೆಗೆ ಇಡೋಣವೇ ಎಂದು ಈರಬದ್ರನೂ ಮತ್ತೆ ಮೂವರೂ ಬಂದರು. ಅಡಿವೆಪ್ಪ ಅಳಿಯನ ಕಡೆ ನೋಡದೆ, "ಕಟ್ಟೆ ಇರೋದು ಪರಸ್ಥಳದೋರಿಗೆ. ನಾನು ಇಲ್ಲೇ ಕೂರ್ತೀನಿ," ಅಂದ. ಅಂಗಡಿಯ ಮುಂದಿನ ಮಾಡಿನ ನೆರಳಲ್ಲಿ ಮಣೆ ಹಾಕಿಸಿಕೊಂಡು ಕೂತ, ಪಕ್ಕದಲ್ಲಿ ಒಲೆ ಇಡಿಸಿಕೊಂಡ, ಕೈಗೆಟುಕುವಂತೆ ಡಬ್ಬಿಗಳನ್ನು ಜೋಡಿಸಿಕೊಂಡ. ವ್ಯಾಪಾರಕ್ಕೆ ಕಾಲು ಬೇಕಿಲ್ಲ ಎಂಬುದು ಅವನ ವಾದ.

ಅದೇ ಸಂಜೆ ನಸ್ರೀನ್ ಬಂದು ಸಿಕ್ಕಿಕೊಂಡಳು. ಮೂವತ್ತು ದಾಟದ ಹುಡುಗಿ, ದೊಡ್ಡ ಊರಿನ ಪ್ರಯೋಗಶಾಲೆಯವಳು. ಕಾಲು ಹಿಡಿದ ಕೂಡಲೇ ಎಲ್ಲರೂ ಗಾಬರಿಯಾದರೆ ಇವಳು ಚೀಲದಿಂದ ಗಾಜಿನ ಸೀಸೆ ತೆಗೆದು, ತನ್ನ ಹಿಮ್ಮಡಿಯ ಪಕ್ಕದ ಲೋಳೆಯನ್ನೇ ಚಮಚದಿಂದ ಕೆರೆದು ತುಂಬಿಕೊಂಡಳು. ಬೇಕೆಂದೇ ಸಿಕ್ಕಿಕೊಳ್ಳಲು ಬಂದವಳು. ಹೀಗಾಗಿ ಬೀದಿಯ ಈಚೆ ಕಟ್ಟೆಯ ಮೇಲೆ ಇವಳು, ಆಚೆ ಅಂಗಡಿಯ ಮುಂದೆ ಅವನು, ನಡುವೆ ಕಾಲುವೆ, ಕಾಲುವೆ ದಾಟುತ್ತ ಇಬ್ಬರಿಗೂ ಊಟದ ಪಾತ್ರೆ, ಕಾಲುವೆ ನೀರಿನ ಕೊಡ ಹಿಡಿದ ನಾನು.

"ಸರ್, ಈ ಲೋಳೆಯಲ್ಲಿ ಕಣ್ಣಿಗೆ ಕಾಣದ ಜೀವಿಗಳಿರ್ತವೆ," ಎಂದು ಅವಳು ಮೂರನೆಯ ದಿನ ಅವನಿಗೆ ಕೇಳುವಂತೆ ಹೇಳಿದಳು. "ಲೋಳೆ ಅಂದ್ರೆ ಅವು ಹೊದ್ದುಕೊಂಡಿರೋ ಕಂಬಳಿ. ಆ ಕಂಬಳಿಯಲ್ಲಿ ಒಂದು ಥರದ ಹುಳಿ ಸಕ್ಕರೆ ಇದೆ."

"ಹುಳಿ ಸಕ್ಕರೆ ಅಂತ ಒಂದಿಲ್ಲ ತಾಯಿ," ಅಂದ ಅಡಿವೆಪ್ಪ. "ಸಕ್ಕರೆ ಹುಳಿ ಬಂದ್ರೆ ಅದು ಕೆಟ್ಟ ಪಾಕ. ಚೆಲ್ಲಬೇಕು."

"ಹಾಗಾದ್ರೆ ನಿಮ್ಮನ್ನೂ ಚೆಲ್ಲಬೇಕು ಸರ್. ನಮ್ಮ ಮೈಯ ಒಂದೊಂದು ಕಣದ ಮೇಲೂ ಅದೇ ಜಾತಿಯ ಹುಳಿ ಸಕ್ಕರೆ ಇರುತ್ತೆ. ಇವರು ನಮ್ಮವರು, ಇವರು ಹೊರಗಿನವರು ಅಂತ ಮೈ ಗುರುತು ಹಿಡಿಯೋದೇ ಅದರಿಂದ. ನಮ್ಮಂಥ ಪ್ರಾಣಿಗಳಿಗೆ ಮಾತ್ರ ಅದು ಉಂಟು ಅಂತ ಬಹಳ ಕಾಲ ತಿಳಿದಿದ್ರು. ಈಗ ನೋಡಿದ್ರೆ ಕೆರೆಯಲ್ಲಿ, ಮೋರಿಯಲ್ಲಿ ಇರೋವೂ ಅದನ್ನೇ ಹೊದ್ದುಕೊಂಡು ಕೂತಿವೆ."

ಅಡಿವೆಪ್ಪ ನನ್ನ ಕಡೆ ತಿರುಗಿದ. "ನಿನ್ನ ಪುಸ್ತಕದಾಗೆ ಐತೇನು ಹಾಲಕ್ಕ ಇದು?"

"ನಾಲ್ಕನೇ ಸಂಪುಟದಾಗೆ ಇರಬೇಕು," ಅಂದೆ.

ದಿನಗಳು ಹೋದವು. ಹನ್ನೊಂದನೆಯ ದಿನ ನಸ್ರೀನ್ ಅಡಿವೆಪ್ಪನ ಹಿತ್ತಿಲ ಗುಂಡಿಯಿಂದ ಒಂದು ಸೀಸೆ ತುಂಬಿಸಿ ಕೊಡೆಂದು ನನ್ನನ್ನು ಕೇಳಿದಳು. ಸೆರಗಿನಿಂದ ಮೂಗು ಮುಚ್ಚಿಕೊಂಡು ತುಂಬಿಸಿದೆ. ಆ ಗುಂಡಿಯಲ್ಲಿ ಸಕ್ಕರೆ ನೀರೆಲ್ಲ ನೂಲು ನೂಲಾಗಿ, ಎತ್ತಿದರೆ ಮೂಗಿನ ಸಿಂಬಳದ ಹಾಗೆ ಜೋಲುತ್ತಿತ್ತು. ನೊಣದ ಸಂತೆ ಬೇರೆ. ಅವಳು ಸೀಸೆ ಅಲ್ಲಾಡಿಸಿ ನೋಡಿದಳು. "ಇದಕ್ಕೆ ಹಿಡಿತವೇ ಇಲ್ಲ. ಹುಳಿ ಸಕ್ಕರೆ ಗಟ್ಟಿಯಾಗೋಕೆ ಸುಣ್ಣ ಬೇಕು. ಒಂದು ಎಳೆ ಇನ್ನೊಂದು ಎಳೆಯ ಕೈ ಹಿಡ್ಕೊಳ್ಳೋದು ಸುಣ್ಣದ ಮೂಲಕ. ಕಾಲುವೆಗೆ ಮೇಲಿನ ಬೀದಿಯಿಂದ ಸುಣ್ಣ ಬರುತ್ತೆ. ಈ ಗುಂಡಿಗೆ ಯಾರು ಕೊಡ್ತಾರೆ?"

ಅಡಿವೆಪ್ಪ ಕೇಳಿಸಿಕೊಂಡ, ಕೇಳಿಸದವನ ಹಾಗೆ ಸೌಟು ಒರೆಸಿದ.

ಹದಿನೇಳನೆಯ ದಿನದ ಪಾಳಿ ದುರುಗವ್ವನ ಮನೆಯದು. ರಾಗಿ ಅಂಬಲಿ, ಹುರುಳಿ ಪಲ್ಯ. ನಸ್ರೀನ್ ಎರಡು ಸಲ ಬಡಿಸಿಕೊಂಡಳು. ಅಡಿವೆಪ್ಪನ ಮುಂದೆ ಪಾತ್ರೆ ಇಟ್ಟೆ. ಅವನು ಮುಚ್ಚಳ ತೆಗೆಯಲಿಲ್ಲ.

"ಹಸಿವಿಲ್ಲ."

"ನಿನ್ನೆ ಬಡಿಗೇರ ಮನೆ ಊಟದಾಗೆ ಹಪ್ಪಳ ಕಮ್ಮಿ ಆತು ಅಂದಿದ್ದೆ."

"ನಿನ್ನೆ ಹಸಿವಿತ್ತು."

"ಒಂದು ಮನೆ ತಪ್ಪಿದ್ರೆ ಬಿಡಲ್ಲ, ಗೊತ್ತೈತಲ್ಲ."

"ಹೊರಗಿನೋರಿಗೆ ಆ ಲೆಕ್ಕ. ನಾನು ಈ ಊರಿನೋನು."

ಹಿಮ್ಮಡಿ ಮಾತ್ರ ಬೇರೆ ಅಭಿಪ್ರಾಯ ಇಟ್ಟುಕೊಂಡಿತ್ತು. ಪಾತ್ರೆಯನ್ನು ಹಾಗೇ ವಾಪಸು ಒಯ್ದೆ. ದುರುಗವ್ವ ಮುಚ್ಚಳ ತೆಗೆದು ನೋಡಿ, ಸಿಟ್ಟು ಮಾಡಲಿಲ್ಲ. ಭಟ್ಟಿಯ ಮುಂದೆ ಮೂವತ್ತು ವರ್ಷ ನಿಂತವಳು, ಸಣ್ಣ ಬಿಸಿಗೆಲ್ಲ ಅವಳಿಗೆ ಏನೂ ಅನಿಸುವುದಿಲ್ಲ. "ಬೀಗ್ರಿಗೆ ಹೇಳು. ನಮ್ಮ ಒಲೆ ಆರಿಲ್ಲ, ಯಾವಾಗ ಬೇಕಾದ್ರೂ ಬಿಸಿ ಮಾಡಿ ಕಳಿಸ್ತೀನಿ," ಅಂದಳು.

ಇಪ್ಪತ್ತೆರಡನೆಯ ದಿನ ಬೆಳಿಗ್ಗೆ ಶಿವಗಂಗೆಗೆ ಹೆಣ್ಣುಕೂಸು ಹುಟ್ಟಿತು. ಸುದ್ದಿ ತಂದವಳು ನಾನೇ. ಅಡಿವೆಪ್ಪ ಪಾಕದ ಎಳೆ ನೋಡುತ್ತಿದ್ದ, ಹೆಬ್ಬೆರಳು ತೋರುಬೆರಳು ಅಂಟಿಸಿ ಬಿಡಿಸಿ, ಅಂಟಿಸಿ ಬಿಡಿಸಿ. ಪಾಕ ಏರಿಹೋಗುವವರೆಗೂ ಹಾಗೇ ಮಾಡಿದ. ಆಮೇಲೆ ಕೇಳಿದ, "ತಾಯಿ ಹೆಂಗೈತೆ?"

"ಚೆನ್ನಾಗವಳೆ. ಕೂಸಿಗೆ ನಿನ್ನದೇ ಮೂಗು."

"ಪಾಪ," ಅಂದ.

ಇಲ್ಲಿ ನಮ್ಮ ಊರಿನ ಒಂದು ಪದ್ಧತಿ ಹೇಳಬೇಕು. ಹುಟ್ಟಿದ ಕೂಸನ್ನು ಇಪ್ಪತ್ತೊಂದನೆಯ ದಿನ ತಾಯಿಯ ತಂದೆ ಎತ್ತಿಕೊಂಡು, ಅದರ ಹಿಮ್ಮಡಿಯನ್ನು ಕಾಲುವೆಯ ಕಲ್ಲಿಗೆ ತಾಗಿಸಬೇಕು. ಲೋಳೆ ರುಚಿ ನೋಡಿ ಬಿಟ್ಟರೆ ಕೂಸು ಊರಿನದಾಯಿತು. ಆಮೇಲೆ ಅಜ್ಜ ನಲವತ್ತು ಮನೆಗೂ ಸಿಹಿ ಹಂಚುತ್ತಾನೆ. ಅಜ್ಜ ಇಲ್ಲದಿದ್ದರೆ ಸೋದರಮಾವ. ಹಿಮ್ಮಡಿ ತೋರಿಸದ ಕೂಸು ನಡೆಯಲು ಕಲಿತ ದಿನ ಯಾವ ಕಲ್ಲಿನ ಮೇಲೆ ಸಿಕ್ಕಿಕೊಳ್ಳುತ್ತದೋ ಹೇಳಲಾಗದು. ನನ್ನ ಅತ್ತೆಯ ಕಾಲದಲ್ಲಿ ಹಾಗೆ ಒಂದು ಮಗು ಮೂರು ವರ್ಷದವರೆಗೂ ಸೊಂಟದಿಂದ ಕೆಳಗಿಳಿಯಲಿಲ್ಲವಂತೆ. ಶಿವಗಂಗೆಗೆ ಅಣ್ಣತಮ್ಮಂದಿರಿಲ್ಲ. ಅಜ್ಜ ಒಬ್ಬನೇ. ತನ್ನ ಕಾಲು ಬಿಡಿಸಿಕೊಳ್ಳಲಾರದವನು ಇನ್ನೊಬ್ಬರ ಕಾಲು ತೋರಿಸುವಂತಿಲ್ಲ.

ಇದೆಲ್ಲ ಅಡಿವೆಪ್ಪನಿಗೆ ನನಗಿಂತ ಚೆನ್ನಾಗಿ ಗೊತ್ತು. ಮಾರನೆಯ ದಿನವೇ ಎರಡು ದೊಡ್ಡ ಬೂದುಗುಂಬಳ ತರಿಸಿ ಗೋಡೆಗೆ ಒರಗಿಸಿಟ್ಟ. ಹಂಚುವ ಸಿಹಿ ಸಿದ್ಧ ಮಾಡುತ್ತಾನೆ, ಆದರೆ ಅಂಬಲಿ ಉಣ್ಣುವುದಿಲ್ಲ. ಈ ಎರಡರ ನಡುವೆ ಇರುವ ಸಂದಿಯಲ್ಲಿ ಹೇಗಾದರೂ ಕಾಲು ಬಿಟ್ಟುಕೊಂಡೀತು ಎಂದು ಅವನ ಆಸೆ.

ನಲವತ್ತು ದಿನ ಮುಗಿಯಿತು. ನಲವತ್ತೊಂದನೆಯ ಬೆಳಿಗ್ಗೆ ನಸ್ರೀನ್ ಹಲ್ಲುಜ್ಜುತ್ತ ಉಜ್ಜುತ್ತ ಕಟ್ಟೆಯಿಂದಿಳಿದು ಕಾಲುವೆ ದಾಟಿ ನಡೆದುಹೋದಳು. ಅರ್ಧ ದಾರಿಯಲ್ಲಿ ತಾನು ನಡೆಯುತ್ತಿರುವುದು ಗೊತ್ತಾಗಿ ನಿಂತಳು. ಅಡಿವೆಪ್ಪ ನೋಡುತ್ತಿದ್ದ. ನಿನ್ನೆ ಮೊನ್ನೆ ಬಂದ ಹುಡುಗಿ ಅವನ ಊರಲ್ಲಿ ಓಡಾಡುತ್ತಿದ್ದಾಳೆ. ಅವನು ಹಿಮ್ಮಡಿ ಎತ್ತಲು ನೋಡಿದ. ಎಡಗಾಲು, ಆಮೇಲೆ ಬಲಗಾಲು. ಕಲ್ಲೇ ಸ್ವಲ್ಪ ಅಲುಗಿತು.

"ನಾಳೆ ಐತೆ ಹಿಮ್ಮಡಿ ತೋರಿಸೋದು," ಅಂದೆ.

"ಗೊತ್ತೈತೆ."

ಅಷ್ಟು ಹೇಳಿ ಕುಂಬಳಕಾಯಿ ಹೆಚ್ಚಲು ಕೂತ. ಅವನ ಹತ್ತಿರ ಇದ್ದ ಹಳೆಯ ಸುಣ್ಣ ಆ ವಾರವಷ್ಟೇ ತೀರಿಹೋಗಿತ್ತು. ಹೊರಗಿನಿಂದ ತರಿಸಿದ ಪುಡಿಸುಣ್ಣ ಕಲಸಿ, ತಿಳಿ ಬಗ್ಗಿಸಿ, ಹೋಳುಗಳನ್ನು ನೆನೆಹಾಕಿದ. ಆ ಪುಡಿ ಎಷ್ಟು ಕಾಲದಿಂದ ಗಾಳಿಗೆ ಬಿದ್ದಿತ್ತೋ, ಸತ್ತುಹೋಗಿತ್ತು. ಬೇಯಿಸಿ ಪಾಕಕ್ಕೆ ಬಿಟ್ಟ ಕೂಡಲೇ ಹೋಳು ಹೋಳಾಗಿ ಉಳಿಯಲಿಲ್ಲ, ಕಲಸಿದ ಅನ್ನದ ಹಾಗೆ ಮುದ್ದೆಯಾಯಿತು. ಅಡಿವೆಪ್ಪ ಸೌಟಿನಿಂದ ಎತ್ತಿ ನೋಡಿದ. ಮೂರು ತಲೆಮಾರಿನ ಅಂಗಡಿಯಲ್ಲಿ ಅಂಥದ್ದು ಆಗಿರಲಿಲ್ಲ.

ನಸ್ರೀನ್ ಕಡಾಯಿಯ ಹತ್ತಿರವೇ ಬಂದು ನಿಂತಿದ್ದಳು. "ಕುಂಬಳದ ತಿರುಳಲ್ಲೂ ಹುಳಿ ಸಕ್ಕರೆ ಇದೆ ಸರ್. ಬೇರೆ ಥರದ್ದು, ಆದರೆ ಅದಕ್ಕೂ..."

"ಸುಣ್ಣ ಬೇಕು," ಅಂದ ಅಡಿವೆಪ್ಪ. "ಅದನ್ನ ಹೇಳೋಕೆ ನೀನು ಅಷ್ಟು ದೂರದಿಂದ ಬರಬೇಕಿತ್ತೇನವ್ವ? ನಮ್ಮಜ್ಜನಿಗೆ ಗೊತ್ತಿತ್ತು." ಕಡಾಯಿಯನ್ನು ಒಲೆಯಿಂದ ಇಳಿಸಿದ. "ನಮ್ಮಜ್ಜ ಸುಣ್ಣ ತರ್ತಿದ್ದದ್ದು ದುರುಗವ್ವನ ಮಾವನ ಭಟ್ಟಿಯಿಂದ," ಎಂದು ಸೇರಿಸಿದ, ಯಾರಿಗೆ ಎಂದು ಗೊತ್ತಾಗದ ಹಾಗೆ.

ಆಮೇಲೆ ಒಂದು ಮಣ್ಣಿನ ಕುಡಿಕೆ ತೆಗೆದು ನನ್ನ ಕೈಗೆ ಕೊಟ್ಟ. "ಹಾಲಕ್ಕ, ನಾಲ್ಕು ಸುಣ್ಣದ ಹರಳು ಇಸ್ಕೊಂಡು ಬಾ. ಅಂಗಡಿಗೆ ಅಂತ ಹೇಳು. ಬ್ಯಾರೆ ಏನೂ ಹೇಳಬ್ಯಾಡ."

ದುರುಗವ್ವ ಕುಡಿಕೆ ನೋಡಿದಳು, ನನ್ನನ್ನು ನೋಡಿದಳು. ಭಟ್ಟಿಯಿಂದ ಆಗಷ್ಟೇ ತೆಗೆದ ನಾಲ್ಕು ಹರಳು ಆರಿಸಿ ಹಾಕಿದಳು. ಒಳಗೆ ಹೋಗಿ ಇನ್ನೊಂದು ಪಾತ್ರೆ ತಂದಳು.

"ಇದೇನು?"

"ಅಂಬಲಿ. ಸುಣ್ಣ ಬೇಕು ಅಂದ್ರೆ ಅಂಬಲೀನೂ ಬರ್ತೈತೆ. ನಮ್ಮನೇಲಿ ಬಿಡಿಬಿಡಿಯಾಗಿ ಕೊಡಲ್ಲ."

ಎರಡನ್ನೂ ತಂದು ಅವನ ಮುಂದಿಟ್ಟೆ. ಅವಳು ಹೇಳಿದ್ದನ್ನೂ ಹೇಳಿದೆ. ಅವನು ಅಂಬಲಿಯ ಪಾತ್ರೆಯನ್ನು ಬಲಗಡೆಗೆ ಸರಿಸಿ, ಹರಳಿಗೆ ನೀರು ಬಿಟ್ಟ. ಕೊತಕೊತ ಕುದಿಯಿತು, ಹಬೆ ಅವನ ಮುಖಕ್ಕೆ ಹೊಡೆಯಿತು. ತಿಳಿ ನಿಲ್ಲುವವರೆಗೆ ಕಾದ, ಎರಡನೆಯ ಕಾಯಿಯ ಹೋಳು ನೆನೆಹಾಕಿದ. ಇಳಿಹೊತ್ತಿಗೆ ಏಳು ನೀರಲ್ಲಿ ತೊಳೆದು ಒಂದು ಹೋಳನ್ನು ಬೆರಳಲ್ಲಿ ಒತ್ತಿದ. ಬೆರಳೇ ಹಿಂದಕ್ಕೆ ಬಂತು. ಕಸುಬಿನ ಅಭ್ಯಾಸ, ಗಟ್ಟಿ ಬಂದಿದೆಯೇ ಎಂದು ಹಲ್ಲಲ್ಲಿ ಕಚ್ಚಿ ನೋಡಿದ. ಕಟುಂ ಎಂದಿತು.

ಹಾಗೇ ಅಗಿಯುತ್ತಿದ್ದವನು ನಿಲ್ಲಿಸಿದ. ಐವತ್ತೈದು ವರ್ಷದಿಂದ ಅವನು ಕಚ್ಚಿ ನೋಡಿದ ಒಂದೊಂದು ಹೋಳೂ ಆ ಮನೆಯ ಸುಣ್ಣದಲ್ಲಿ ನೆಂದದ್ದು. ಅವನ ಅಪ್ಪ ಕಚ್ಚಿ ನೋಡಿದ್ದೂ ಅಷ್ಟೇ. ನೀರು ಮುಟ್ಟುವುದಿಲ್ಲ ಎಂಬ ಮಾತನ್ನು ಆ ಬಾಯಲ್ಲೇ ಆಡಿದ್ದು. ಅವನು ಇದನ್ನು ಹೇಳಲಿಲ್ಲ. ಆದರೆ ಬಾಯಲ್ಲಿದ್ದದ್ದನ್ನು ಉಗುಳಬೇಕೋ ನುಂಗಬೇಕೋ ಎಂದು ಯೋಚಿಸುವ ಮುಖ ನನಗೆ ಚೆನ್ನಾಗಿ ಗೊತ್ತು, ಕಟ್ಟೆಯ ಮೇಲೆ ದಿನಾ ನೋಡುತ್ತೇನೆ.

ನುಂಗಿದ. ಪಾತ್ರೆ ಎಳೆದುಕೊಂಡು ಮುಚ್ಚಳ ತೆಗೆದ. ಅಂಬಲಿ ಆರಿತ್ತು. ಕುಡಿದು ಮುಗಿಸಿ ಮೀಸೆ ಒರೆಸಿಕೊಂಡ.

"ಉಪ್ಪು ಕಮ್ಮಿ," ಅಂದ.

"ಹೇಳ್ತೀನಿ," ಅಂದೆ.

"ಹೇಳಬ್ಯಾಡ. ನಾಳೆ ನಾನೇ ಹೇಳ್ತೀನಿ."

ಮಾರನೆಯ ದಿನ ಹೊತ್ತು ಮೂಡುವುದರೊಳಗೆ ಮಿಠಾಯಿ ತಯಾರಾಗಿತ್ತು, ಹರಳಿನ ಹಾಗೆ ಎಣಿಸಿಟ್ಟ ನಲವತ್ತು ಹೋಳು. ಕಾಲು ಮಾತ್ರ ಬಿಟ್ಟಿರಲಿಲ್ಲ. ಕೊನೆಯ ಊಟ ಹಿಮ್ಮಡಿಗೆ ಇಳಿಯಲು ಕೆಲವರಿಗೆ ಒಂದು ರಾತ್ರಿ, ಕೆಲವರಿಗೆ ಒಂದೂವರೆ ದಿನ. ಅಡಿವೆಪ್ಪ ಬಿಳಿ ಪಂಚೆ ಉಟ್ಟು, ತಟ್ಟೆಯನ್ನು ತೊಡೆಯ ಮೇಲಿಟ್ಟುಕೊಂಡು ಮೇಲಿನ ಬೀದಿಯ ಕಡೆ ನೋಡುತ್ತಿದ್ದ. ಅಲ್ಲಿಂದ ದುರುಗವ್ವನೇ ಬಂದಳು, ಹಿಂದೆ ಈರಬದ್ರ ಮತ್ತು ಭಟ್ಟಿಯ ಮೂವರು.

"ಬೀಗ್ರೇ, ಕಾಲು?"

"ಇನ್ನೂ ಇಲ್ಲ."

"ಉಂಡ್ರಾ?"

"ಉಂಡೆ. ಉಪ್ಪು ಕಮ್ಮಿ."

"ಬಾಣಂತಿ ಮನೆ ಅಡಿಗೆ, ಹಂಗೇ ಇರ್ತೈತೆ," ಅಂದಳು. "ಎತ್ರಪ್ಪ."

"ಕಾಲು ಬಿಡದೆ ಬಂದು ಏನು ಮಾಡ್ಲಿ?"

"ಅಲ್ಲಿ ಬಂದು ಕೂತ್ಕಳ್ರಿ. ಬಿಟ್ಟಾಗ ಎದ್ದೇಳಿ. ಕೂಸಿಗೇನು ಬಸ್ಸಿಗೆ ಹೊತ್ತಾಗೈತಾ?"

ಎತ್ತಿದರು. ಹೊಸ ಸೊಸೆಯರನ್ನು ಹೊರುವ ಹಾಗೆ, ಜನಗಣತಿಯವನನ್ನು ಹೊತ್ತ ಹಾಗೆ, ಅಡಿವೆಪ್ಪನನ್ನು ಅವನ ಊರಿನ ಬೀದಿಯಲ್ಲಿ ಹೊತ್ತುಕೊಂಡು ಹೋದರು. ಅವನು ಮಿಠಾಯಿಯ ತಟ್ಟೆ ವಾಲದ ಹಾಗೆ ಹಿಡಿದು ನೇರ ಕೂತಿದ್ದ. ಜನ ಬಾಗಿಲಿಗೆ ಬಂದು ನೋಡಿದರು, ಕೆಲವರು ನಕ್ಕರು. ಅವನು ಅವರಿಗೆಲ್ಲ ತಲೆ ಬಾಗಿಸಿಯೇ ವ್ಯಾಪಾರದ ನಮಸ್ಕಾರ ಮಾಡಿದ.

ಸುಣ್ಣದ ಬೀದಿಯ ಕಾಲುವೆ ದಂಡೆಯಲ್ಲಿ ಚಪ್ಪಡಿ ಇಳಿಸಿದರು. ಶಿವಗಂಗೆ ಕಂಬಳಿ ಹೊದ್ದು ಬಾಗಿಲಲ್ಲಿ ನಿಂತಿದ್ದಳು. ಅಪ್ಪ ಮಗಳು ಒಬ್ಬರನ್ನೊಬ್ಬರು ನೋಡಿ, ಇಬ್ಬರೂ ಬೇರೆ ಕಡೆ ನೋಡಿದರು. ದುರುಗವ್ವ ತಟ್ಟೆಯನ್ನು ಪಕ್ಕಕ್ಕಿಟ್ಟು, ಕೂಸನ್ನು ತಂದು ಅವನ ಕೈಗೆ ಹಾಕಿದಳು. ಅದು ಕಣ್ಣು ಮುಚ್ಚಿಕೊಂಡೇ ಅವನ ಹೆಬ್ಬೆರಳು ಹಿಡಿದುಕೊಂಡಿತು.

ಬಿಸಿಲು ಬಂತು. ಕಾದೆವು. ಕೂಸಿನ ಮುಖಕ್ಕೆ ಬಿಸಿಲು ಬಿತ್ತು, ಅಜ್ಜನದೇ ಆ ಮೂಗನ್ನು ಸೊಟ್ಟಗೆ ಮಾಡಿ ಅಳಲು ಶುರು ಮಾಡಿತು. "ಬಿಸಿಲು ಕಣ್ರೀ, ಬಿಸಿಲು," ಎಂದು ಅಡಿವೆಪ್ಪ ಎದ್ದು, ಬೇವಿನ ನೆರಳಿಗೆ ಹೋಗಿ, ಕೂಸಿನ ಬೆನ್ನು ತಟ್ಟುತ್ತ ಕಾಲುವೆಯ ಕಡೆಗೆ ಬಗ್ಗಿದ. ಎಲ್ಲರೂ ಕೂಸಿನ ಪುಟ್ಟ ಹಿಮ್ಮಡಿಯನ್ನೇ ನೋಡುತ್ತಿದ್ದರು. ನಾನು ನನ್ನ ಕಸುಬಿನ ಪ್ರಕಾರ ಅವನ ಹಿಮ್ಮಡಿ ನೋಡುತ್ತಿದ್ದೆ. ಆರು ಹೆಜ್ಜೆ ನಡೆದಿದ್ದ, ಅವನಿಗೇ ಗೊತ್ತಿರಲಿಲ್ಲ. ನಾನು ಬಾಯಿ ಬಿಡಲಿಲ್ಲ. ನಡೆಯುವವನಿಗೆ ನೀನು ನಡೆಯುತ್ತಿದ್ದೀಯೆ ಎಂದು ಹೇಳಬಾರದು, ಮುಗ್ಗರಿಸುತ್ತಾನೆ.

ಕೂಸಿನ ಹಿಮ್ಮಡಿ ಕಲ್ಲಿಗೆ ತಾಗಿತು. ಲೋಳೆ ಒಮ್ಮೆ ಮಿರುಗಿತು. ಕೂಸು ಕಾಲು ಝಾಡಿಸಿ ಎಳೆದುಕೊಂಡಿತು, ಎಷ್ಟು ಸಲೀಸಾಗಿ ಎಂದರೆ ಅಲ್ಲಿ ಹಿಡಿಯುವಂಥದ್ದು ಏನೂ ಇಲ್ಲವೇ ಇಲ್ಲ ಎನ್ನುವ ಹಾಗೆ. ಹೆಂಗಸರು ಉಸಿರು ಬಿಟ್ಟರು. ಶಿವಗಂಗೆ ಆಗ ಅಪ್ಪನ ಕಾಲು ನೋಡಿ, "ಅಪ್ಪಾ, ಚಪ್ಪಡಿ ಅಲ್ಲೇ ಐತೆ," ಅಂದಳು. ವರ್ಷದ ಮೇಲೆ ಆಡಿದ ಮೊದಲ ಮಾತು.

ಅಡಿವೆಪ್ಪ ತಿರುಗಿ ನೋಡಿದ. ಖಾಲಿ ಕಲ್ಲು, ಅದರ ಮೇಲೆ ಒಣಗಿದ ಎರಡು ಹಿಮ್ಮಡಿಯ ಗುರುತು.

ಸಿಹಿ ಹಂಚಿಯಾಯಿತು, ಊಟವಾಯಿತು. ಚಪ್ಪಡಿಯನ್ನು ಅದರ ಜಾಗಕ್ಕೆ ಮುಟ್ಟಿಸುವುದು ನನ್ನ ಜವಾಬ್ದಾರಿ. ಈರಬದ್ರನೂ ಜೊತೆಯವರೂ ಎತ್ತಲು ಬಂದಾಗ ಅಡಿವೆಪ್ಪ ಒಬ್ಬನನ್ನು ಪಕ್ಕಕ್ಕೆ ಸರಿಸಿ ಒಂದು ಮೂಲೆಯ ಬಳೆಗೆ ಕೈ ಹಾಕಿದ. ನಾಲ್ಕು ಹೆಜ್ಜೆಗೆ ಏದುಸಿರು ಬಂತು.

"ಇಷ್ಟು ಭಾರ ಐತೇನು ಇದು?" ಅಂದ.

ಎದುರು ಮೂಲೆಯಿಂದ ಈರಬದ್ರ ಹೇಳಿದ, "ಬೆಳಿಗ್ಗೆ ಇನ್ನೂ ಭಾರ ಇತ್ತು ಮಾವ."

ಅಡಿವೆಪ್ಪ ಬಳೆಯನ್ನು ಇನ್ನಷ್ಟು ಗಟ್ಟಿಯಾಗಿ ಹಿಡಿದುಕೊಂಡ. ಅಂಗಡಿಯ ಮುಂದೆ ಕಲ್ಲು ಕೂರಿಸಿ, ಕೈ ಕೊಡವಿಕೊಂಡು, ತಾನೇ ಮುಚ್ಚಿದ್ದ ಮೋರಿಯ ಬಾಯಿಯ ಕಡೆ ನಡೆದ. "ಹಾರೆ ಹಿಡ್ಕೊಂಡು ಬಾ," ಎಂದು ಅಳಿಯನನ್ನು ಕೂಗಿದ.